ಕಿವಿಯ ಬಳಿ ಕೂಗುವ ಎತ್ತರಮಾಪಕ: ಸ್ಕೈಡೈವಿಂಗ್ ಅಲಾರಾಂ ಎಷ್ಟು ಅಡಿಗೆ ಇಡಬೇಕು?

ಬೆಂಗಳೂರಿನಿಂದ ಶಿವಮೊಗ್ಗದ ರಾತ್ರಿ ಬಸ್ಸು ಹತ್ತಿ ನಡುರಾತ್ರಿ ಕಡೂರಿನಲ್ಲಿ ಇಳಿಯಬೇಕಾದ ಪ್ರಯಾಣಿಕರಲ್ಲಿ ಎರಡು ಬಗೆ. ‘ಕಡೂರು ಬಂದಾಗ ಎಬ್ಬಿಸಿ ಸಾರ್’ ಎಂದು ಕಂಡಕ್ಟರಿಗೆ ಹೇಳಿ ಹೊದ್ದು ಮಲಗುವವರು ಒಂದು ಬಗೆ. ಹಾಗೆ ಹೇಳಿಯೂ ಅರಸೀಕೆರೆ ದಾಟಿದ ಮೇಲೆ ಕಿಟಕಿಯ ಗಾಜು ಒರೆಸಿ ಹೊರಗೆ ನೋಡುತ್ತಾ ಕೂರುವವರು ಇನ್ನೊಂದು ಬಗೆ. ಕಂಡಕ್ಟರ್ ಮರೆತ ದಿನ ಮೊದಲಿನವರಿಗೆ ಎಚ್ಚರವಾಗುವುದು ಭದ್ರಾವತಿಯಲ್ಲಿ. ಆಗುವ ನಷ್ಟ ಎರಡು ತಾಸು ಸಮಯ ಮತ್ತು ವಾಪಸು ಟಿಕೆಟ್ಟಿನ ಹಣ, ಅಷ್ಟೇ.

ವಿಮಾನದಿಂದ ಧುಮುಕಿದವರ ಹೆಲ್ಮೆಟ್ಟಿನೊಳಗೂ ಇಂಥದೇ ಒಬ್ಬ ಕಂಡಕ್ಟರ್ ಇರುತ್ತಾನೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಈ ಸಾಧನ, ನಿಗದಿ ಮಾಡಿಟ್ಟ ಎತ್ತರಕ್ಕೆ ಬಂದೊಡನೆ ಕಿವಿಯ ಪಕ್ಕದಲ್ಲಿ ಕೀಚಲು ದನಿಯಲ್ಲಿ ಕೂಗುತ್ತದೆ. ‘ಆಡಿಬಲ್ ಆಲ್ಟಿಮೀಟರ್’ ಎಂಬುದು ಇದರ ಪೂರ್ಣ ಹೆಸರು. ಹಾರುವವರ ಬಾಯಲ್ಲಿ ಬರೀ ‘ಆಡಿಬಲ್’. ಡೆನ್ಮಾರ್ಕಿನ ಲಾರ್ಸನ್ ಅಂಡ್ ಬ್ರುಸ್‌ಗಾರ್ಡ್ ಕಂಪನಿಯ ‘ಡಿಟ್ಟರ್’ ಹೆಸರುವಾಸಿಯಾದ ಮೇಲೆ, ಯಾರ ತಯಾರಿಕೆಯಾದರೂ ಅದನ್ನು ಡಿಟ್ಟರ್ ಎಂದೇ ಕರೆಯುವ ಹಳಬರಿದ್ದಾರೆ. ಈ ಪುಟ್ಟ ಯಂತ್ರವನ್ನು ಎಷ್ಟು ಅಡಿಗೆ ಕೂಗುವಂತೆ ಇಡಬೇಕು, ಕೂಗಿದಾಗ ಏನು ಮಾಡಬೇಕು, ಕೂಗದಿದ್ದರೆ ಏನು ಗತಿ ಎಂಬುದು ಈ ಬರಹದ ವಿಷಯ.

ಮೈಸೂರಿನಲ್ಲಿ ಕಳೆದ ದಶಕದಿಂದ ಆಗಾಗ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ವಾಯುಕ್ರೀಡಾ ನೀತಿಯು ಪಟ್ಟಿ ಮಾಡಿದ 11 ಕ್ರೀಡೆಗಳಲ್ಲಿ ಪ್ಯಾರಾಚೂಟ್ ಜಿಗಿತವೂ ಸೇರಿದೆ. ಬೋಧಕರ ಎದೆಗೆ ಕಟ್ಟಿಸಿಕೊಂಡು ಒಮ್ಮೆ ಹಾರಿ ಬಂದವರು ನಮ್ಮಲ್ಲೂ ಈಗ ಸಾಕಷ್ಟು ಮಂದಿ. ಅಮೆರಿಕ, ಯುರೋಪುಗಳಲ್ಲಿ ನೆಲೆಸಿ ಪರವಾನಗಿ ಪಡೆದು ಒಂಟಿಯಾಗಿ ಹಾರುವ ಕನ್ನಡಿಗರೂ ಇದ್ದಾರೆ. ಆಡಿಬಲ್ ಪ್ರಶ್ನೆ ಏಳುವುದು ಈ ಎರಡನೆಯ ಗುಂಪಿಗೆ. ಆದರೂ ಮೊದಲ ಗುಂಪಿನವರು ಬೋಧಕರ ಹೆಲ್ಮೆಟ್ಟಿನಿಂದ ಬಂದ ಆ ಸದ್ದು ಏನೆಂದು ತಿಳಿದಿರುವುದು ಒಳ್ಳೆಯದೇ.

ಇಪ್ಪತ್ತೆರಡು ಸೆಕೆಂಡಿನ ಲೆಕ್ಕ

ಹೊಟ್ಟೆ ಕೆಳಗೆ ಮಾಡಿ, ಕೈಕಾಲು ಚಾಚಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಅಂದರೆ ಸೆಕೆಂಡಿಗೆ ಸರಿಸುಮಾರು 175 ಅಡಿ. ವಿಮಾನ ಬಿಟ್ಟ ಮೊದಲ ಸಾವಿರ ಅಡಿಗೆ ಹತ್ತು ಸೆಕೆಂಡು ಹಿಡಿದರೆ, ವೇಗ ಕೂಡಿದ ಮೇಲಿನ ಪ್ರತಿ ಸಾವಿರ ಅಡಿಗೂ ಐದೂವರೆ ಸೆಕೆಂಡು ಸಾಕು. 13,000 ಅಡಿಯಿಂದ ಹೊರಟವರು 4,000 ಅಡಿಗೆ ಬರುವಷ್ಟರಲ್ಲಿ ಒಂದು ನಿಮಿಷವೂ ತುಂಬಿರುವುದಿಲ್ಲ. ಅಲ್ಲಿಂದ ಮುಂದೆ ಏನೂ ಮಾಡದೆ ಸುಮ್ಮನಿದ್ದರೆ ನೆಲಕ್ಕೆ ಉಳಿದಿರುವುದು 22 ಅಥವಾ 23 ಸೆಕೆಂಡು. ತಲೆ ಕೆಳಗಾಗಿಯೋ ಕುಳಿತ ಭಂಗಿಯಲ್ಲಿಯೋ ಬೀಳುವವರ ವೇಗ ಗಂಟೆಗೆ 250 ಕಿಲೋಮೀಟರನ್ನೂ ಮೀರುವುದರಿಂದ ಅವರಿಗೆ ಸಿಗುವ ಅವಧಿ ಇನ್ನೂ ಕಡಿಮೆ.

ಕಷ್ಟವೆಂದರೆ, ಬೀಳುವವನಿಗೆ ತಾನು ಬೀಳುತ್ತಿದ್ದೇನೆಂದು ಅನ್ನಿಸುವುದೇ ಇಲ್ಲ. ನೆಲ ಬಹುಕಾಲ ಅಲ್ಲಾಡದ ನಕಾಶೆಯಂತೆ ಕಾಣುತ್ತದೆ. ಅದು ತನ್ನತ್ತ ನುಗ್ಗಿ ಬರುವಂತೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಗೆಳೆಯನ ಕೈ ಹಿಡಿಯುವ ಪ್ರಯತ್ನವೋ, ಬಿಗಿಯಾಗಿ ಕುಳಿತ ಹಿಡಿಕೆಯನ್ನು ತಡಕುವ ಗಾಬರಿಯೋ ಮನಸ್ಸನ್ನು ಪೂರ್ತಿ ಆವರಿಸಿದಾಗ ಹತ್ತು ಸೆಕೆಂಡು ಹೋದದ್ದು ಗೊತ್ತೇ ಆಗುವುದಿಲ್ಲ. ಅನುಭವಿಗಳೂ ಇದಕ್ಕೆ ಹೊರತಲ್ಲ. ಆದ್ದರಿಂದಲೇ ಈ ಕ್ರೀಡೆಯಲ್ಲಿ ‘ಎತ್ತರದ ಅರಿವು’ ಎಂಬುದನ್ನು ಮೊದಲ ಪಾಠವಾಗಿ ಕಲಿಸುತ್ತಾರೆ. ಮಣಿಕಟ್ಟಿನ ಮಾಪಕವನ್ನು ಕೆಲವು ಸೆಕೆಂಡಿಗೊಮ್ಮೆ ನೋಡುವುದು ಆ ಪಾಠದ ಮೊದಲ ಅಭ್ಯಾಸ. ಈ ಅಭ್ಯಾಸ ಕೈಗೂಡುವವರೆಗೆ ಹೊಸಬರಿಗೆ ಆಡಿಬಲ್ ಕೊಡದಿರುವ ಬೋಧಕರು ಅನೇಕರಿದ್ದಾರೆ.

ಆಗ್ರಾದಲ್ಲಿ ತರಬೇತಾಗುವ ನಮ್ಮ ಛತ್ರಿ ಸೈನಿಕರಿಗೆ ಈ ತೊಡಕಿಲ್ಲವಲ್ಲ ಎಂದು ಕೆಲವರಿಗೆ ತೋರಬಹುದು. ಅವರ ಮೂಲ ತರಬೇತಿಯ ಜಿಗಿತವೇ ಬೇರೆ. ಸಾವಿರದಿನ್ನೂರು ಅಡಿಯ ಆಸುಪಾಸಿನಲ್ಲಿ ಹೊರಬಿದ್ದೊಡನೆ ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತದೆ. ಎಷ್ಟು ಎತ್ತರದಲ್ಲಿ ಬಿಚ್ಚಬೇಕೆಂಬ ತೀರ್ಮಾನ ಸೈನಿಕನದಲ್ಲ. ಸ್ಕೈಡೈವಿಂಗ್‌ನಲ್ಲಿ ಆ ತೀರ್ಮಾನ ಹಾರುವವನದೇ.

ಯಂತ್ರಕ್ಕೆ ಎತ್ತರ ತಿಳಿಯುವ ಬಗೆ

ಆಡಿಬಲ್‌ಗೆ ನೆಲ ಕಾಣುವುದಿಲ್ಲ. ಅದು ಅಳೆಯುವುದು ಗಾಳಿಯ ಒತ್ತಡವನ್ನು ಮಾತ್ರ. ಮೇಲೇರಿದಂತೆ ಒತ್ತಡ ಕಡಿಮೆಯಾಗುತ್ತದೆ. ಭೂಮಿಗೆ ಹತ್ತಿರದ ಪದರದಲ್ಲಿ ಸುಮಾರು 30 ಅಡಿಗೆ ಒಂದು ಮಿಲಿಬಾರ್. ಹೊರಡುವ ಮುನ್ನ ನೆಲದ ಮೇಲಿನ ಒತ್ತಡವನ್ನು ಸೊನ್ನೆಯೆಂದು ಗುರುತಿಟ್ಟುಕೊಂಡು, ಅಲ್ಲಿಂದಾಚೆ ಎಷ್ಟು ಕಡಿಮೆಯಾಯಿತೆಂದು ಲೆಕ್ಕ ಹಾಕಿ ಎತ್ತರ ಹೇಳುತ್ತದೆ. ಎಲ್ಲ ಅಲಾರಾಂಗಳೂ ಈ ಸೊನ್ನೆಯ ಮೇಲೆಯೇ ನಿಂತಿವೆ. ಸೊನ್ನೆ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ.

ನಮ್ಮ ಊರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೈಸೂರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಚಾಮುಂಡಿ ಬೆಟ್ಟದ ನೆತ್ತಿ ಅದಕ್ಕಿಂತ ಇನ್ನೂ ಸಾವಿರ ಅಡಿಯಷ್ಟು ಮೇಲೆ. ಬೆಟ್ಟದ ಮೇಲೆ ಸೊನ್ನೆ ಮಾಡಿಕೊಂಡ ಮಾಪಕವನ್ನು ಹಾಗೆಯೇ ಧರಿಸಿ ನಗರದ ಬಯಲಿಗೆ ಇಳಿಯುವಂತೆ ಹಾರಿದಿರೆನ್ನಿ. 4,000 ಅಡಿಗೆ ಇಟ್ಟ ಅಲಾರಾಂ ನಿಜವಾದ 5,000 ಅಡಿಯಲ್ಲೇ ಕೂಗುತ್ತದೆ. ಬೇಗ ಕೂಗಿದ್ದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಇದೇ ಮಾಪಕವನ್ನು ಮಂಗಳೂರಿನ ಕಡಲ ದಂಡೆಯಲ್ಲಿ ಸೊನ್ನೆ ಮಾಡಿ ಮೈಸೂರಿಗೆ ತಂದು ಹಾರಿದರೆ? ನೆಲದ ಮೇಲೆ ನಿಂತಾಗಲೇ ಅದರ ಲೆಕ್ಕದಲ್ಲಿ ನೀವು 2,500 ಅಡಿ ಮೇಲಿದ್ದೀರಿ. 4,000ದ ಅಲಾರಾಂ ಕೂಗುವಾಗ ನಿಮ್ಮ ಕೆಳಗಿರುವುದು ಬರೀ 1,500 ಅಡಿ, ಎಂದರೆ ಎಂಟೂವರೆ ಸೆಕೆಂಡು.

ಈಗಿನ ಡಿಜಿಟಲ್ ಮಾದರಿಗಳು ನೆಲದ ಮೇಲಿರುವಾಗ ತಮ್ಮಷ್ಟಕ್ಕೆ ತಾವೇ ಸೊನ್ನೆಯನ್ನು ಸರಿಪಡಿಸಿಕೊಳ್ಳುತ್ತಿರುತ್ತವೆ ಎಂಬುದು ನಿಜ. ಇಷ್ಟು ದೊಡ್ಡ ತಪ್ಪು ಅವುಗಳಲ್ಲಿ ಅಪರೂಪ. ಆದರೆ ವಿಮಾನ ಏರುವ ಜಾಗವೂ ಇಳಿಯುವ ಜಾಗವೂ ಬೇರೆಬೇರೆಯಾಗಿದ್ದರೆ ಯಂತ್ರ ತಾನಾಗಿ ಅರಿಯಲಾರದು. ಇಳಿಯುವ ಬಯಲು 300 ಅಡಿ ಎತ್ತರದಲ್ಲಿದ್ದರೆ ಆ ವ್ಯತ್ಯಾಸವನ್ನು ಹಾರುವವರೇ ತುಂಬಿಸಬೇಕು. ಪ್ರದರ್ಶನದ ಜಿಗಿತಗಳಲ್ಲಿ ಇದು ಬಹುಮುಖ್ಯ. ಮುಳ್ಳಿನ ಹಳೆಯ ಮಾದರಿಯ ಕೈಮಾಪಕ ಕಟ್ಟಿಕೊಂಡವರಿಗೆ ಇನ್ನೊಂದು ಮಾತು: ದಖ್ಖನಿನ ನಮ್ಮ ಭಾಗದಲ್ಲಿ ಬೆಳಗಿನ 10 ಗಂಟೆಯಿಂದ ಸಂಜೆ 4 ಗಂಟೆಯೊಳಗೆ ಒತ್ತಡ ಮೂರು ನಾಲ್ಕು ಮಿಲಿಬಾರ್ ಇಳಿಯುವುದು ಸಹಜ. ಬೆಳಗ್ಗೆ ಸೊನ್ನೆ ಮಾಡಿದ ಮುಳ್ಳು ಸಂಜೆಗೆ ನಿಂತಲ್ಲೇ ನೂರು ಅಡಿ ಏರಿರುತ್ತದೆ. ಪ್ರತಿ ಜಿಗಿತಕ್ಕೂ ಮೊದಲು ನೋಡಿಕೊಳ್ಳಬೇಕೆಂಬುದು ಇದಕ್ಕಾಗಿಯೇ.

ಅಳತೆಯ ಮಾನವನ್ನೂ ಮರೆಯಬಾರದು. ಯುರೋಪಿನ ಬಹುತೇಕ ಕಡೆ ಮೀಟರ್ ರೂಢಿ, ಅಮೆರಿಕದಲ್ಲಿ ಅಡಿ. ಎರವಲು ತಂದ ಆಡಿಬಲ್‌ನಲ್ಲಿ 1,500 ಎಂದು ಕಂಡರೆ ಅದು ಮೀಟರಾಗಿದ್ದಲ್ಲಿ 4,900 ಅಡಿ. ಅಡಿಯಾಗಿದ್ದಲ್ಲಿ ಬಹಳ ತಡ.

ಮೂರು ಸದ್ದು, ಮೂರು ಕೆಲಸ

ಸಾಮಾನ್ಯ ಆಡಿಬಲ್‌ಗಳಲ್ಲಿ ಬೀಳುವಾಗ ಕೂಗುವ ಮೂರು ಅಲಾರಾಂಗಳಿರುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಲಯ. ಇವನ್ನು ಎಷ್ಟಕ್ಕೆ ಇಡಬೇಕೆಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಅಂಕಿ ಇಲ್ಲ. ಅಂದಿನ ಜಿಗಿತದ ಯೋಜನೆಯೇ ಅಂಕಿಯನ್ನು ಹೇಳಬೇಕು. ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ ಹಾಕುವುದಕ್ಕಿಂತ ಕೆಳಗಿನಿಂದ ಮೇಲಕ್ಕೆ ಹಾಕುವುದು ಲೇಸು.

ಎಲ್ಲಕ್ಕಿಂತ ಕೆಳಗೆ, ಯಾರೂ ಏನೂ ಮಾಡದಿದ್ದಾಗ ಮೀಸಲು ಪ್ಯಾರಾಚೂಟನ್ನು ತಾನೇ ಬಿಚ್ಚುವ ಸಾಧನವಿದೆ. 1991ರಲ್ಲಿ ಜರ್ಮನಿಯ ಏರ್‌ಟೆಕ್ ಕಂಪನಿ ಮಾರುಕಟ್ಟೆಗೆ ತಂದ ‘ಸೈಪ್ರೆಸ್’ ಇವುಗಳಲ್ಲಿ ಪ್ರಸಿದ್ಧ. ಅನುಭವಿಗಳಿಗಾಗಿ ಇರುವ ಅದರ ಮಾದರಿ ಸುಮಾರು 750 ಅಡಿಯಲ್ಲಿ, ವೇಗ ಇನ್ನೂ ಸೆಕೆಂಡಿಗೆ 35 ಮೀಟರಿಗಿಂತ ಹೆಚ್ಚಿದ್ದರೆ, ಕೆಲಸ ಮಾಡುತ್ತದೆ. ಅಷ್ಟು ಹೊತ್ತಿಗೆ ನೆಲ ನಾಲ್ಕು ಸೆಕೆಂಡು ದೂರ. ಅದು ಕೊನೆಯ ಆಸರೆಯೇ ಹೊರತು ಯೋಜನೆಯ ಭಾಗವಲ್ಲ.

ಅದರ ಮೇಲೆ ತೀರ್ಮಾನದ ಎತ್ತರ. ಪ್ಯಾರಾಚೂಟ್ ಸರಿಯಾಗಿ ತೆರೆದಿಲ್ಲವಾದರೆ ಇಷ್ಟರೊಳಗೆ ಮೀಸಲಿನ ಕಡೆಗೆ ಕೈ ಹೋಗಲೇಬೇಕು ಎಂಬ ಗೆರೆ ಇದು. ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎ ವಿದ್ಯಾರ್ಥಿಗಳಿಗೂ ‘ಎ’ ಪರವಾನಗಿಯವರಿಗೂ 2,500 ಅಡಿಯನ್ನು, ಅದರ ಮೇಲಿನ ಪರವಾನಗಿಯವರಿಗೆ 1,800 ಅಡಿಯನ್ನು ಗೊತ್ತುಪಡಿಸಿದೆ. ಇದಕ್ಕೂ ಮೇಲೆ ಪ್ಯಾರಾಚೂಟ್ ಬಿಚ್ಚಲು ಕನಿಷ್ಠ ಎತ್ತರ: ವಿದ್ಯಾರ್ಥಿಗಳಿಗೂ ‘ಎ’ ಪರವಾನಗಿಯವರಿಗೂ 3,000 ಅಡಿ, ಮೇಲಿನವರಿಗೆ 2,500 ಅಡಿ, ಬೋಧಕರೊಡನೆ ಜೋಡಿಯಾಗಿ ಹಾರುವವರಿಗೆ 5,000 ಅಡಿ. ಅತ್ಯಂತ ಅನುಭವಿಗಳು 2,000 ಅಡಿಯವರೆಗೂ ಬರಬಹುದಾಗಿದ್ದ ಹಳೆಯ ನಿಯಮವನ್ನು 2013ರಲ್ಲಿ 2,500ಕ್ಕೆ ಏರಿಸಲಾಯಿತು. ಈಗಿನ ಪ್ಯಾರಾಚೂಟ್‌ಗಳು ಮೆಲ್ಲಗೆ ತೆರೆದುಕೊಳ್ಳುತ್ತಾ 600ರಿಂದ 1,000 ಅಡಿ ನುಂಗುತ್ತವೆ. 2,000ದಲ್ಲಿ ಎಳೆದರೆ ಮುಖ್ಯ ಪ್ಯಾರಾಚೂಟ್ ಅರಳುತ್ತಿರುವಾಗಲೇ ಸ್ವಯಂಚಾಲಿತ ಸಾಧನವೂ ಮೀಸಲನ್ನು ಹೊರಹಾಕುವ ಸಂಭವವಿತ್ತು.

ಗುಂಪಾಗಿ ಹಾರುವವರಿಗೆ ಇನ್ನೂ ಮೇಲೊಂದು ಗೆರೆ ಬೇಕು. ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಪ್ಯಾರಾಚೂಟ್ ಬಿಚ್ಚದಂತೆ ಚದುರಿ ದೂರ ಸರಿಯುವ ಎತ್ತರ ಅದು. ಐದು ಅಥವಾ ಅದಕ್ಕಿಂತ ಕಡಿಮೆ ಮಂದಿಯಾದರೆ ಬಿಚ್ಚುವ ಎತ್ತರಕ್ಕಿಂತ 1,500 ಅಡಿ ಮೇಲೆ, ಆರು ಮತ್ತು ಹೆಚ್ಚಿನವರಾದರೆ 2,000 ಅಡಿ ಮೇಲೆ ಚದುರಬೇಕೆಂಬುದು ಅದೇ ಸಂಘದ ಸಲಹೆ.

ಈಗ ನಾಲ್ವರು ಅನುಭವಿ ಗೆಳೆಯರು 3,500 ಅಡಿಯಲ್ಲಿ ಬಿಚ್ಚುವ ಯೋಜನೆ ಹಾಕಿದ್ದಾರೆನ್ನೋಣ. ಮೊದಲ ಅಲಾರಾಂ 5,000ಕ್ಕೆ: ಬೆನ್ನು ತಿರುಗಿಸಿ ದೂರ ಸರಿ. ಎರಡನೆಯದು 3,500ಕ್ಕೆ: ಕೈ ಬೀಸಿ ಸೂಚನೆ ಕೊಟ್ಟು ಎಳೆ. ಇವೆರಡರ ನಡುವೆ ಸಿಗುವುದು ಎಂಟೂವರೆ ಸೆಕೆಂಡು. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಇರುವುದು ಮೂರನೆಯದರಲ್ಲಿ. ತೀರ್ಮಾನದ ಎತ್ತರ 1,800 ಆದ್ದರಿಂದ ಅಲಾರಾಂ ಕೂಡ 1,800ಕ್ಕೇ ಇರಲಿ ಎನ್ನುವುದು ಮೇಲ್ನೋಟಕ್ಕೆ ಸರಿ. ಆದರೆ ಈ ಸದ್ದು ಕೇಳಿಸುವುದು ಎಂಥವನಿಗೆ? ಮೊದಲೆರಡು ಸದ್ದುಗಳನ್ನೂ ಕಳೆದುಕೊಂಡವನಿಗೆ, ಅಥವಾ ಕೇಳಿಯೂ ಬೇರಾವುದೋ ತೊಡಕಿನಲ್ಲಿ ಸಿಲುಕಿದವನಿಗೆ. ಅವನು ಬೆಚ್ಚಿ, ಅರ್ಥ ಮಾಡಿಕೊಂಡು, ಕೈಯನ್ನು ಹಿಡಿಕೆಗೆ ಒಯ್ಯಲು ಎರಡು ಸೆಕೆಂಡಾದರೂ ಬೇಕು. ಎರಡು ಸೆಕೆಂಡೆಂದರೆ 350 ಅಡಿ. 1,800ಕ್ಕೆ ಕೂಗಿದರೆ ಕೈ ಕೆಲಸ ಮಾಡುವುದು 1,450ರಲ್ಲಿ. 1,800ರಲ್ಲಿ ಕೆಲಸ ಆಗಬೇಕಾದರೆ ಸದ್ದು 2,150ರ ಆಸುಪಾಸಿನಲ್ಲಿ ಬರಬೇಕು. ಮೂರನೆಯ ಅಲಾರಾಂಗೆ ಈ ಎರಡು ಸೆಕೆಂಡಿನ ಮುಂಗಡ ಕೊಡುವುದೇ ವಿವೇಕವೆಂದು ತೋರುತ್ತದೆ.

ಹಾಗಾದರೆ ಮೊದಲೆರಡಕ್ಕೂ ಇನ್ನಷ್ಟು ಮುಂಗಡ ಕೊಟ್ಟು 6,000, 4,500 ಎಂದು ಇಟ್ಟರೆ ಹೆಚ್ಚು ಕ್ಷೇಮವಲ್ಲವೇ ಎಂದು ಕೇಳಬಹುದು. ಅಲ್ಲ. ಕುಕ್ಕರ್ ಮೂರು ಸೀಟಿ ಹಾಕಿದಾಗ ಒಲೆ ಆರಿಸಬೇಕಾದ ಮನೆಯಲ್ಲಿ ಅದು ಒಂದಕ್ಕೇ ಕೂಗಾಡಲಾರಂಭಿಸಿದರೆ ಯಾರೂ ಏಳುವುದಿಲ್ಲ. ನಾಲ್ಕು ದಿನದಲ್ಲಿ ಮೂರನೆಯ ಸೀಟಿಗೂ ಯಾರೂ ಏಳದ ಸ್ಥಿತಿ ಬರುತ್ತದೆ. ಸದ್ದು ಬಂದಾಗಲೆಲ್ಲ ‘ಇನ್ನೂ ಸಮಯವಿದೆ’ ಎಂದು ಕೊಂಚ ಆಟವಾಡಿ ಆಮೇಲೆ ಚದುರುವ ರೂಢಿ ಬಿದ್ದರೆ, ಅಲಾರಾಂ ಕೇಳಿಯೂ ಏನೂ ಮಾಡದಿರುವುದನ್ನು ಮೈ ಕಲಿಯುತ್ತದೆ. ಕೇಳಿಸದೇ ಹೋಗುವುದಕ್ಕಿಂತ ಇದು ಕೆಟ್ಟದ್ದು. ಒಂದು ಸದ್ದಿಗೆ ಒಂದೇ ಕೆಲಸ, ಅದೂ ಆ ಕ್ಷಣದಲ್ಲೇ ಎಂಬಂತೆ ಅಂಕಿಗಳನ್ನು ಇಡಬೇಕು. ಮೊದಲೆರಡು ಸದ್ದುಗಳಿಗೆ ಹೆಚ್ಚಿನ ಮುಂಗಡ ಬೇಡದಿರುವುದು ಮತ್ತೊಂದು ಕಾರಣಕ್ಕೆ. ಆ ಹೊತ್ತಿಗೆ ಹಾರುವವನು ಮಣಿಕಟ್ಟು ನೋಡಿ ಎತ್ತರವನ್ನು ತಾನೇ ತಿಳಿದಿರಬೇಕು. ಆಡಿಬಲ್ ಅವನ ಲೆಕ್ಕಕ್ಕೆ ಹೌದೆನ್ನಬೇಕೇ ಹೊರತು ಅವನಿಗೆ ಸುದ್ದಿ ತರಬಾರದು.

ಸದ್ದು ಬಾರದ ದಿನ

ನಾಣ್ಯದಂಥ ಬ್ಯಾಟರಿ ಸತ್ತಿರಬಹುದು. ಹೆಲ್ಮೆಟ್ ಬದಲಾಯಿಸಿ ಆಡಿಬಲ್ ಹಳೆಯದರಲ್ಲೇ ಉಳಿದಿರಬಹುದು. ಜೇಬಿನೊಳಗೆ ತಿರುಗಾಮುರುಗಾ ಕುಳಿತು ಸದ್ದಿನ ರಂಧ್ರ ಕಿವಿಯ ಬದಲು ಹೊರಗೆ ಮುಖ ಮಾಡಿರಬಹುದು. ನೆಗಡಿಯಾಗಿ ಕಿವಿ ಕಟ್ಟಿರಬಹುದು. ವಯಸ್ಸಾದಂತೆ ಕೀಚಲು ದನಿಗಳೇ ಮೊದಲು ಕೇಳಿಸದಾಗುತ್ತವೆ ಎಂಬುದನ್ನು ನಡುವಯಸ್ಸಿನ ಹಾರಾಟಗಾರರು ನೆನಪಿಡಬೇಕು. ದನಿ ಜೋರು ಮಾಡೋಣವೆಂದರೆ ಕಿವಿಗಂಟಿಕೊಂಡ ಆ ಸದ್ದು ವರ್ಷಗಟ್ಟಲೆ ಕೇಳಿದ ಕಿವಿಗೇ ಕುತ್ತು.

ಯಂತ್ರ ಸರಿಯಿದ್ದೂ ತಪ್ಪುವ ಸಂದರ್ಭಗಳಿವೆ. ಬೀಳುವ ದೇಹದ ಬೆನ್ನ ಹಿಂದೆ, ಓಡುವ ಲಾರಿಯ ಹಿಂದೆ ಇರುವಂತೆ, ಗಾಳಿ ಕದಡಿ ಒತ್ತಡ ಕಡಿಮೆ ಇರುತ್ತದೆ. ಅಂಗಾತ ಬೀಳುವವನ ಮಾಪಕ ಆ ವಲಯಕ್ಕೆ ಸಿಕ್ಕಿದರೆ ಇದ್ದದ್ದಕ್ಕಿಂತ ಕೆಲವು ನೂರು ಅಡಿ ಹೆಚ್ಚಿಗೆ ತೋರಿಸುತ್ತದೆ. ಸದ್ದು ಅಷ್ಟು ತಡವಾಗುತ್ತದೆ. ರೆಕ್ಕೆ ಉಡುಪು ತೊಟ್ಟು ನಿಧಾನ ಇಳಿಯುವವರ ವೇಗವನ್ನು ಕೆಲವು ಮಾದರಿಗಳು ‘ಪ್ಯಾರಾಚೂಟ್ ತೆರೆದಿದೆ’ ಎಂದು ತಪ್ಪು ತಿಳಿಯಬಹುದು. ಇದೇ ಕಾರಣಕ್ಕೆ ಅರ್ಧ ಅರಳಿ ಸಿಕ್ಕಿಕೊಂಡ ಪ್ಯಾರಾಚೂಟಿನ ಕೆಳಗೂ ಆಡಿಬಲ್ ಸುಮ್ಮನಿರಬಹುದು. ಬೀಳುವ ವೇಗ ತಗ್ಗಿದೆ, ಆದ್ದರಿಂದ ಅದರ ಪಾಲಿಗೆ ಎಲ್ಲವೂ ಸರಿ. ತಲೆಯೆತ್ತಿ ನೋಡಬೇಕಾದವರು ನೀವೇ.

ಪ್ಯಾರಾಚೂಟ್ ತೆರೆದ ಮೇಲೂ ಕೂಗುವ ಅಲಾರಾಂಗಳು ಕೆಲವು ಮಾದರಿಗಳಲ್ಲಿವೆ. ಇಳಿಯುವ ಬಯಲಿನ ಸುತ್ತ ತಿರುವು ತೆಗೆದುಕೊಳ್ಳುವ 1,000, 600, 300 ಅಡಿಗಳಿಗೆ ಅವನ್ನು ಇಡುವುದುಂಟು. ಕಣ್ಣನ್ನು ಮಣಿಕಟ್ಟಿನ ಬದಲು ಸುತ್ತಲಿನ ಇತರ ಪ್ಯಾರಾಚೂಟ್‌ಗಳ ಮೇಲಿಡಬಹುದು ಎಂಬುದು ಇದರ ದೊಡ್ಡ ಉಪಯೋಗ. ಆದರೆ ಸದ್ದು ಬಂತೆಂದು ಪಕ್ಕ ನೋಡದೆ ತಿರುಗಿದರೆ ಅಲ್ಲಿ ಇನ್ನೊಬ್ಬರಿರಬಹುದು. ಯುಎಸ್‌ಪಿಎ ಲೆಕ್ಕದ ಪ್ರಕಾರ 2023ರಲ್ಲಿ ಅಮೆರಿಕದಲ್ಲಿ ನಡೆದ ಸುಮಾರು 36.5 ಲಕ್ಷ ಜಿಗಿತಗಳಲ್ಲಿ ಸತ್ತವರು 10 ಮಂದಿ. ಪ್ಯಾರಾಚೂಟ್ ಸರಿಯಾಗಿ ತೆರೆದ ಮೇಲೆ, ಇಳಿಯುವ ಹೊತ್ತಿನ ತಪ್ಪಿನಿಂದ ಸಾಯುವವರೂ ಇಂಥ ಲೆಕ್ಕಗಳಲ್ಲಿ ವರ್ಷವರ್ಷವೂ ಸೇರಿರುತ್ತಾರೆ.

ವಿಮಾನ ಹತ್ತುವ ಮುನ್ನ ಮಾಡಬೇಕಾದದ್ದು ಕಡಿಮೆ. ಆಡಿಬಲ್ ಅನ್ನು ಕೈಗೆ ತೆಗೆದು, ಪರದೆಯಲ್ಲಿ ಸೊನ್ನೆ ಇದೆಯೇ, ಅಡಿಯೋ ಮೀಟರೋ, ಮೂರು ಅಂಕಿಗಳು ಇಂದಿನ ಜಿಗಿತದವೋ ನಿನ್ನೆಯವೋ ಎಂದು ನೋಡಿ, ಪರೀಕ್ಷೆಯ ಗುಂಡಿ ಒತ್ತಿ ಸದ್ದು ಕೇಳಿ, ಹೆಲ್ಮೆಟ್ಟಿನ ಜೇಬಿಗೆ ಸೇರಿಸಬೇಕು. ಗುಂಪಿನಲ್ಲಿದ್ದರೆ ಪಕ್ಕದವರ ಅಂಕಿಯನ್ನೂ ಕೇಳಬೇಕು. ಒಬ್ಬರದು 5,000ಕ್ಕೆ, ಇನ್ನೊಬ್ಬರದು 4,500ಕ್ಕೆ ಕೂಗಿದರೆ ಚದುರುವ ಹೊತ್ತಿನಲ್ಲಿ ಮೂರು ಸೆಕೆಂಡಿನ ಗೊಂದಲ. ಏರುವಾಗಲೂ ಒಮ್ಮೆ ಕೂಗಿ ತಾನು ಎಚ್ಚರವಿದ್ದೇನೆಂದು ತಿಳಿಸುವ ಮಾದರಿಗಳಿವೆ. ಆ ಸದ್ದು ಬರಲಿಲ್ಲವೆಂದರೆ ಯಂತ್ರ ಇಲ್ಲವೆಂದೇ ತಿಳಿದು ಮಣಿಕಟ್ಟನ್ನು ನಂಬಿ ಹಾರಬೇಕು. ಮಣಿಕಟ್ಟಿನ ಮಾಪಕವೂ ಕೈಕೊಟ್ಟಿದ್ದರೆ ವಿಮಾನದಲ್ಲೇ ಕುಳಿತು ಕೆಳಗಿಳಿದು ಬರುವುದರಲ್ಲಿ ನಾಚಿಕೆಯೇನಿಲ್ಲ.

ಜಿಗಿತದ ದಾಖಲೆ ಇಟ್ಟುಕೊಳ್ಳುವ ಆಡಿಬಲ್‌ಗಳು ನೆಲ ಮುಟ್ಟಿದ ಮೇಲೆ ಇನ್ನೊಂದು ಕೆಲಸಕ್ಕೆ ಬರುತ್ತವೆ. ಪರದೆ ನೋಡುವ ಮೊದಲು, ತಾನು ಎಷ್ಟು ಅಡಿಯಲ್ಲಿ ಎಳೆದೆನೆಂದು ಹಾರಿದವರು ಕಾಗದದಲ್ಲಿ ಬರೆದಿಡಬೇಕು. ಆಮೇಲೆ ಯಂತ್ರದ ಅಂಕಿ ನೋಡಬೇಕು. ಎರಡಕ್ಕೂ ನೂರಿನ್ನೂರು ಅಡಿ ಅಂತರವಿದ್ದರೆ ಸರಿ. ಐನೂರು, ಸಾವಿರ ಅಡಿ ಅಂತರ ಬಂದರೆ ಅಲಾರಾಂ ಬದಲಾಯಿಸಲು ಹೋಗದೆ, ಮುಂದಿನ ಜಿಗಿತಕ್ಕೆ ಆಡಿಬಲ್ ತೆಗೆದಿಟ್ಟು ಬೋಧಕರೊಬ್ಬರ ಜತೆ ಹಾರುವುದು ಮೇಲು.